ಆಕ್ಚುಲಿ ಅಂದರೆ ಈಗ

ಮ್ಯಾಡ್ರಿಡ್‌ನ ಹೆಣ್ಣುಮಗಳೊಬ್ಬಳು ಲಂಡನ್ನಿನಲ್ಲಿ ಹೊಸಬರ ಮುಂದೆ ತನ್ನ ಪರಿಚಯ ಹೇಳಿಕೊಳ್ಳುತ್ತಿದ್ದಾಳೆ ಎಂದುಕೊಳ್ಳಿ. ‘ಆಕ್ಚುಲಿ ಐ ವರ್ಕ್ ಇನ್ ಎ ಬ್ಯಾಂಕ್’ ಅನ್ನುತ್ತಾಳೆ. ಅವಳ ಮನಸ್ಸಿನಲ್ಲಿರುವುದು ‘ಸದ್ಯ ಬ್ಯಾಂಕಿನಲ್ಲಿದ್ದೇನೆ’ ಎಂಬಷ್ಟೇ. ಕೇಳಿದವರಿಗೆ ಮಾತ್ರ ‘ನೀವು ಅಂದುಕೊಂಡ ಹಾಗಲ್ಲ, ನಾನಿರುವುದು ಬ್ಯಾಂಕಿನಲ್ಲಿ’ ಎಂದು ತಿದ್ದಿದ ಹಾಗಾಗುತ್ತದೆ. ವ್ಯಾಕರಣ ತಪ್ಪಿದ್ದರೆ ಭಾಷೆ ಬಾರದವಳು ಎಂದು ಸುಮ್ಮನಾಗುತ್ತಿದ್ದರು. ವಾಕ್ಯವೇನೋ ಸರಿಯಾಗಿಯೇ ಇದೆ, ಹಾಗಾಗಿ ತಪ್ಪು ಅವಳ ಸ್ವಭಾವದ ಲೆಕ್ಕಕ್ಕೆ ಹೋಗುತ್ತದೆ. ನನಗೆ ಸಂಕಟವಾಗುವುದು ಇದಕ್ಕೇ.

ಸ್ಪ್ಯಾನಿಷ್‌ನಲ್ಲಿ ಆಕ್ತುಆಲ್ಮೆಂತೆ, ಇಟಾಲಿಯನ್‌ನಲ್ಲಿ ಅತ್ತುಆಲ್ಮೆಂತೆ, ಫ್ರೆಂಚ್‌ನಲ್ಲಿ ಆಕ್ತುಯೆಲ್ಮಾಂ. ಮೂರಕ್ಕೂ ‘ಈಗ’ ಎಂದೇ ಅರ್ಥ. ಹೀಗೆ ರೂಪ ಒಂದೇ ಇದ್ದು ಅರ್ಥ ಬೇರೆಯಾದ ಪದಗಳಿಗೆ ‘ಸುಳ್ಳು ಗೆಳೆಯರು’ ಎಂಬ ಹೆಸರು ನೆಲೆಯಾದದ್ದು ಕೋಸ್ಲೆರ್ ಮತ್ತು ದರೋಕಿಞಿ ಎಂಬ ಇಬ್ಬರು ಫ್ರೆಂಚರು 1928ರಲ್ಲಿ ತಂದ ಪುಸ್ತಕದಿಂದ. ಅದರ ಶೀರ್ಷಿಕೆಯಲ್ಲೇ ಇಂಗ್ಲಿಷ್ ಪದಗಳ ‘ದ್ರೋಹ’ದ ಮಾತಿದೆ. ಈ ಪದದ ಮಟ್ಟಿಗಂತೂ ನಾನು ಅದನ್ನು ಒಪ್ಪಲಾರೆ. ಇದು ಮನೆ ಪಾಲಾದ ಕಥೆ.

ಲ್ಯಾಟಿನ್‌ನಲ್ಲಿ ‘ಆಗೆರೆ’ ಎಂದರೆ ಮಾಡು. ಅದರಿಂದ ‘ಆಕ್ತುಸ್’, ಅಂದರೆ ಕ್ರಿಯೆ, ಅದರಿಂದ ‘ಆಕ್ತುಆಲಿಸ್’. ಅರಿಸ್ಟಾಟಲನ ಜಾಡು ಹಿಡಿದ ಮಧ್ಯಯುಗದ ಪಂಡಿತರು ಇರುವಿಕೆಯನ್ನು ಎರಡಾಗಿ ನೋಡಿದರು. ಬೀಜದೊಳಗಿರುವುದು ಆಗಬಹುದಾದ ಮರ. ಅಂಗಳದಲ್ಲಿ ನೆರಳು ಕೊಡುತ್ತಿರುವುದು ಆಗಿರುವ ಮರ. ಈ ಎರಡನೆಯದಕ್ಕೆ ‘ಆಕ್ತುಆಲಿಸ್’ ಸಲ್ಲುತ್ತಿತ್ತು. ಅಂಗಳದ ಮರ ನಿಜವೂ ಹೌದು, ಈಗ ಇರುವುದೂ ಹೌದು. ‘ಈಗ’ ಎಂಬುದು ಫ್ರೆಂಚರ ಪಾಲಿಗೆ ಬಂತು, ‘ನಿಜ’ ಎಂಬುದು ಇಂಗ್ಲಿಷರ ಪಾಲಿಗೆ. ಇಂಗ್ಲಿಷ್ ಈ ಪದವನ್ನು ಕಡ ತಂದದ್ದೇ ಫ್ರೆಂಚಿನಿಂದ. ‘ಸದ್ಯದ’ ಎಂಬ ಅರ್ಥ ಇಂಗ್ಲಿಷಿನಲ್ಲಿಯೂ ಕೆಲಕಾಲ ಬದುಕಿತ್ತು, ಆಮೇಲೆ ಸವೆದುಹೋಯಿತು. ಜರ್ಮನ್, ಡಚ್, ಪೋಲಿಷ್ ಭಾಷೆಗಳೂ ‘ಈಗ’ದ ಕಡೆಗೇ ನಿಂತಿವೆ. ಇವುಗಳ ನಡುವೆ ಬೇರೆ ದಾರಿ ಹಿಡಿದದ್ದು ಇಂಗ್ಲಿಷೇ. ಆದರೂ ಮ್ಯಾಡ್ರಿಡ್‌ನವಳದ್ದೇ ತಪ್ಪು ಎನ್ನುತ್ತೇವೆ.

‘ಇದೆ’ ಎಂಬುದು ‘ಈಗ’ ಆಗುವುದು ಕನ್ನಡದ ಕಿವಿಗೆ ಹೊಸದಲ್ಲ. ನಮ್ಮ ‘ವರ್ತಮಾನ’ವನ್ನೇ ನೋಡಿ. ಸಂಸ್ಕೃತದ ‘ವೃತ್’ ಧಾತುವಿನಿಂದ ಬಂದ ಅದಕ್ಕೆ ‘ಇರುತ್ತಿರುವುದು’ ಎಂಬ ಅರ್ಥ. ಅದೇ ಈಗಿನ ಕಾಲಕ್ಕೆ ಹೆಸರಾಯಿತು. ಕನ್ನಡದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಸುದ್ದಿಯೂ ಆಯಿತು: ‘ಊರಿನ ಕಡೆ ಏನು ವರ್ತಮಾನ?’ ಫ್ರೆಂಚಿನಲ್ಲೂ ಸುದ್ದಿಗೆ ‘ಆಕ್ತುಯಾಲಿತೆ’ ಎನ್ನುತ್ತಾರೆ. ಒಂದನ್ನೊಂದು ಕಾಣದ ಎರಡು ಪದಗಳು ಒಂದೇ ದಾರಿ ನಡೆದಿರುವುದನ್ನು ಕಂಡಾಗ ನನಗೆ ಆಗುವ ಸಂತೋಷ ದೊಡ್ಡದು.

ಬೀಜದೊಳಗಿನ ಮರದ ಕಡೆಗೂ ಇಂಥದೇ ಒಂದು ಜೋಡಿ ಇದೆ. ಫ್ರೆಂಚಿನ ‘ಏವಾಂತುಯೆಲ್ಮಾಂ’ ಎಂದರೆ ‘ಬಹುಶಃ, ಸಂದರ್ಭ ಬಂದರೆ’. ಇಂಗ್ಲಿಷಿನ ‘ಇವೆಂಚುಯಲಿ’ ಎಂದರೆ ‘ತಡವಾದರೂ ಕೊನೆಗೆ ಆಗಿಯೇ ಆಗುತ್ತದೆ’. ಯುರೋಪಿಯನ್ ಒಕ್ಕೂಟದ ಲೆಕ್ಕ ತಪಾಸಣಾ ಸಂಸ್ಥೆಯ ಅನುವಾದಕ ಜೆರೆಮಿ ಗಾರ್ಡ್ನರ್, ಕಡತಗಳಲ್ಲಿ ಅಡ್ಡಾದಿಡ್ಡಿಯಾಗಿ ಬಳಕೆಯಾಗುವ ಇಂಗ್ಲಿಷ್ ಪದಗಳನ್ನು ಪಟ್ಟಿ ಮಾಡಿದಾಗ ‘ಆಕ್ಚುಲಿ’, ‘ಇವೆಂಚುಯಲಿ’ ಎರಡನ್ನೂ ಸೇರಿಸಿದ್ದರು. ‘ಆಕ್ಚುಲಿ’ಯಿಂದ ಹೆಚ್ಚೆಂದರೆ ಮನಸ್ಸು ಮುದುಡೀತು. ‘ಇವೆಂಚುಯಲಿ’ ಹಾಗಲ್ಲ. ಲಿಯೋನ್‌ನ ವ್ಯಾಪಾರಿ ‘ಉಳಿದ ಹಣವನ್ನು ಇವೆಂಚುಯಲಿ ಕೊಡುತ್ತೇವೆ’ ಎಂದು ಇಂಗ್ಲಿಷಿನಲ್ಲಿ ಬರೆದರೆ, ಓದಿದವನು ಸ್ವಲ್ಪ ತಡವಾದೀತು ಎಂದುಕೊಂಡು ಕಾಯುತ್ತಾನೆ. ಬರೆದವನು ಹೇಳಿದ್ದು, ಕೊಟ್ಟರೂ ಕೊಟ್ಟೆವು ಎಂದು.