ಟೀಮಿಂಗ್‌ನಲ್ಲಿ ಫೇಲ್‌ಓವರ್ ವಿಳಂಬ

ಸರ್ವರ್‌ನ ಎರಡು ಅಥವಾ ಹೆಚ್ಚು ನೆಟ್‌ವರ್ಕ್ ಕಾರ್ಡ್‌ಗಳನ್ನು ಒಂದೇ ಐಪಿ ವಿಳಾಸದಡಿ ಕೂಡಿಸುವುದಕ್ಕೆ ವಿಂಡೋಸ್‌ನಲ್ಲಿ ಟೀಮಿಂಗ್ ಎಂದೂ ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಬಾಂಡಿಂಗ್ ಎಂದೂ ಹೆಸರು. ಒಂದು ಕೇಬಲ್ ಕೈಕೊಟ್ಟರೆ ಇನ್ನೊಂದು ಕೂಡಲೇ ಹೊಣೆ ಹೊರಬೇಕು; ಇದೇ ಫೇಲ್‌ಓವರ್. ಕೆಲವೆಡೆ ಇದಕ್ಕೆ ಅರ್ಧ ನಿಮಿಷವೇ ಹಿಡಿಯುತ್ತದೆ.

ಇಂಥ ವಿಳಂಬದ ಮೂಲವನ್ನು ಮೊದಲು ಸ್ವಿಚ್‌ನಲ್ಲಿ ಹುಡುಕುವುದು ಒಳ್ಳೆಯದು. ಜಾಲದಲ್ಲಿ ಲೂಪ್ ಆಗದಂತೆ ತಡೆಯುವ ಹಳೆಯ ಸ್ಪ್ಯಾನಿಂಗ್ ಟ್ರೀ ನಿಯಮದಂತೆ, ಹೊಸದಾಗಿ ಜೀವ ಪಡೆದ ಪೋರ್ಟ್ ಆಲಿಸುವ ಹಂತದಲ್ಲಿ 15 ಸೆಕೆಂಡು, ಕಲಿಯುವ ಹಂತದಲ್ಲಿ ಮತ್ತೆ 15 ಸೆಕೆಂಡು ಕಳೆದ ಮೇಲಷ್ಟೇ ದತ್ತಾಂಶವನ್ನು ದಾಟಿಸುತ್ತದೆ. ಹಾಗಾಗಿ ಕೇಬಲ್ ಕಿತ್ತಾಗ ಒಂದೆರಡು ಪಿಂಗ್ ಮಾತ್ರ ತಪ್ಪಿ, ಮರಳಿ ಸಿಕ್ಕಿಸಿದಾಗ 30 ಸೆಕೆಂಡು ಉತ್ತರವೇ ಬಾರದಿರುವುದುಂಟು. ಕಾರ್ಡ್‌ನ ಹಸಿರು ದೀಪ ಹೊತ್ತಿದ್ದನ್ನು ನಂಬಿ ಸರ್ವರ್ ಹಳೆಯ ದಾರಿಗೆ ಮರಳುತ್ತದೆ. ಸ್ವಿಚ್ ಇನ್ನೂ ಬಾಗಿಲು ತೆರೆದಿರುವುದಿಲ್ಲ. ಸಿಸ್ಕೋ ಸ್ವಿಚ್‌ಗಳಲ್ಲಿ ಪೋರ್ಟ್‌ಫಾಸ್ಟ್ ಚಾಲೂ ಮಾಡಿದರೆ ಈ ಕಾಯುವಿಕೆ ತಪ್ಪುತ್ತದೆ. ಆದರೆ ಅದನ್ನು ಸರ್ವರ್ ಕಡೆಯ ಪೋರ್ಟ್‌ಗಳಿಗಷ್ಟೇ ಹಾಕಬೇಕು. ಸ್ವಿಚ್‌ನಿಂದ ಸ್ವಿಚ್‌ಗೆ ಹೋಗುವ ಪೋರ್ಟ್‌ಗೆ ಹಾಕಿದರೆ ಇಡೀ ಜಾಲ ಲೂಪ್‌ನಲ್ಲಿ ಸಿಲುಕುವ ಅಪಾಯವಿದೆ. ಸ್ವಿಚ್ ನಮ್ಮ ಕೈಯಲ್ಲಿಲ್ಲದಿದ್ದರೆ, ಲಿನಕ್ಸ್‌ನಲ್ಲಿ ಅಪ್‌ಡಿಲೇ (ಮರಳಿ ಬಂದ ಕೊಂಡಿಯನ್ನು ಬಳಸುವ ಮುನ್ನ ಕಾಯುವ ಅವಧಿ) ಮೌಲ್ಯವನ್ನು 30 ಸೆಕೆಂಡಿಗಿಂತ ತುಸು ಹೆಚ್ಚಿಸಬಹುದು.

ಸರ್ವರ್ ಮತ್ತು ಸ್ವಿಚ್ ಸಂದೇಶ ವಿನಿಮಯದ ಮೂಲಕ ಕೊಂಡಿಗಳನ್ನು ಕೂಡಿಸುವ ಎಲ್‌ಎಸಿಪಿ ಬಳಸಿದಲ್ಲಿ ತೊಡಕು ಬೇರೆ. ನಿಧಾನ ಗತಿಯಲ್ಲಿ 30 ಸೆಕೆಂಡಿಗೊಮ್ಮೆ ಸಂದೇಶ ಹೋಗುತ್ತದೆ, 90 ಸೆಕೆಂಡು ಸುದ್ದಿಯಿಲ್ಲದಿದ್ದರೆ ಕೊಂಡಿ ಸತ್ತಿತೆಂದು ತೀರ್ಮಾನವಾಗುತ್ತದೆ. ವೇಗದ ಗತಿಯಲ್ಲಿ ಇವು 1 ಮತ್ತು 3 ಸೆಕೆಂಡು. ನಡುವೆ ಮೀಡಿಯಾ ಕನ್ವರ್ಟರ್ ಇದ್ದು, ಆಚೆಯ ತುದಿ ಸತ್ತರೂ ಈಚೆಯ ದೀಪ ಉರಿಯುತ್ತಿದ್ದರೆ ಈ ವ್ಯತ್ಯಾಸವೇ ನಿರ್ಣಾಯಕ.

ಪರೀಕ್ಷಿಸುವಾಗ ಪಿಂಗ್ ಓಡುತ್ತಿರಲಿ. ಕೇಬಲ್ ಕೀಳುವಾಗಲೂ ಮರಳಿ ಸಿಕ್ಕಿಸುವಾಗಲೂ ತಪ್ಪಿದ ಉತ್ತರಗಳನ್ನು ಎಣಿಸಿ.