ಬೂತಾಯಿ ಮೀನುಗಾರಿಕೆ

ಭಾರತದ ನೈಋತ್ಯ ಕರಾವಳಿಯಲ್ಲಿ ಬೂತಾಯಿ ಮೀನನ್ನು ಹಿಡಿಯುವ ಕಸುಬು. ಅತಿಯಾಗಿ ಮೀನು ಹಿಡಿದರೆ ಏನಾಗುತ್ತದೆ, ಹಾಗೆ ಹಿಡಿಯುವುದನ್ನು ತಡೆಯುವುದು ಏಕೆ ಕಷ್ಟ ಎಂಬೆರಡಕ್ಕೂ ಇದು ಒಳ್ಳೆಯ ಉದಾಹರಣೆ. ಮೀನಿನ ಶಾಸ್ತ್ರೀಯ ಹೆಸರು ಸಾರ್ಡಿನೆಲ್ಲಾ ಲಾಂಜಿಸೆಪ್ಸ್. ಮಂಗಳೂರು, ಉಡುಪಿಗಳಲ್ಲಿ ಬೂತಾಯಿ, ಕುಂದಾಪುರದ ಕಡೆ ಬೈಗೆ, ಉತ್ತರ ಕನ್ನಡದಲ್ಲಿ ತಾರ್ಲೆ, ಕೇರಳದಲ್ಲಿ ಮತ್ತಿ. ಬಂಗುಡೆಯ ಜೊತೆ ಇದು ಕರಾವಳಿಯ ಬಡವರ ಮನೆಯ ದಿನನಿತ್ಯದ ಮೀನು. ಅಂಜಲ್, ಮಾಂಜಿಗಳ ಬೆಲೆ ಏರಿದರೆ ಕೊಳ್ಳುವವರು ಬೇರೆ ಮೀನಿಗೆ ತಿರುಗಬಹುದು. ಬೂತಾಯಿಯೇ ಸಿಗದಿದ್ದರೆ ಅದಕ್ಕಿಂತ ಅಗ್ಗದ್ದು ಇಲ್ಲ.

ಬೆಳೆದ ಬೂತಾಯಿ ಸಾಮಾನ್ಯವಾಗಿ 15ರಿಂದ 20 ಸೆಂ.ಮೀ. ಉದ್ದವಿರುತ್ತದೆ. ಆಯಸ್ಸು ಸುಮಾರು ಎರಡೂವರೆ ವರ್ಷ. ಒಂದು ವರ್ಷಕ್ಕೇ ಮೊಟ್ಟೆಯಿಡುವಷ್ಟು ಬಲಿಯುತ್ತದೆ. ಮುಂಗಾರಿನಲ್ಲಿ, ಮುಖ್ಯವಾಗಿ ಜೂನ್‌ನಿಂದ ಆಗಸ್ಟ್‌ವರೆಗೆ, ಮೊಟ್ಟೆಯಿಡುತ್ತದೆ. ಅದೇ ಕಾಲದಲ್ಲಿ ಗಾಳಿಯ ಒತ್ತಡಕ್ಕೆ ಮೇಲಿನ ನೀರು ಸರಿದು, ಪೋಷಕಾಂಶ ತುಂಬಿದ ತಣ್ಣನೆಯ ತಳದ ನೀರು ಮೇಲಕ್ಕೆ ಬರುತ್ತದೆ. ಬಿಸಿಲು ಬಿದ್ದೊಡನೆ ಅದರಲ್ಲಿ ಡಯಾಟಮ್ ಎಂಬ ಸೂಕ್ಷ್ಮ ಸಸ್ಯಗಳು ಹುಲುಸಾಗಿ ಬೆಳೆಯುತ್ತವೆ. ಬೂತಾಯಿಯ ಮುಖ್ಯ ಆಹಾರ ಇವೇ. ಅದರಲ್ಲೂ ಫ್ರಾಜಿಲೇರಿಯಾ ಓಷಿಯಾನಿಕಾ ಹೇರಳವಾದ ವರ್ಷ ಬೂತಾಯಿಯೂ ಹೇರಳ ಎಂಬುದನ್ನು ವಿಜ್ಞಾನಿಗಳು 1950ರ ದಶಕದಲ್ಲೇ ಗಮನಿಸಿದ್ದರು. ಮಳೆ, ಗಾಳಿ, ನೀರಿನ ಬಿಸಿ ಇವುಗಳಲ್ಲಿ ಯಾವುದು ಹದ ತಪ್ಪಿದರೂ ಆ ವರ್ಷದ ಮರಿಗಳು ಉಳಿಯುವುದಿಲ್ಲ. ದೀರ್ಘಾಯುಷಿ ಮೀನಾದರೆ ಹಳೆಯ ತಲೆಮಾರುಗಳು ಆ ಕೊರತೆಯನ್ನು ತುಂಬಿಕೊಡುತ್ತವೆ. ಬೂತಾಯಿಗೆ ಅಂಥ ಹಿರಿಯರೇ ಇಲ್ಲ.

ಹಾಗಾಗಿ ಬೂತಾಯಿ ಕೈಕೊಡುವುದು ಹೊಸತೇನಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ದಕ್ಷಿಣ ಕನ್ನಡ ಮತ್ತು ಮಲಬಾರಿನ ತೀರಗಳಲ್ಲಿ ಈ ಮೀನನ್ನು ಬೇಯಿಸಿ ಎಣ್ಣೆ ತೆಗೆದು, ಉಳಿದ ಹಿಂಡಿಯನ್ನು ತೋಟಗಳಿಗೆ ಗೊಬ್ಬರವಾಗಿ ಮಾರುವ ಕಾರ್ಖಾನೆಗಳು ಎದ್ದಿದ್ದವು. ಮದ್ರಾಸ್ ಮೀನುಗಾರಿಕಾ ಇಲಾಖೆಯ ಫ್ರೆಡರಿಕ್ ನಿಕಲ್ಸನ್ ಇವುಗಳಿಗೆ ಒತ್ತಾಸೆಯಾಗಿದ್ದರು. ಅದೇ ಇಲಾಖೆಯ ಜೇಮ್ಸ್ ಹಾರ್ನೆಲ್ ಮತ್ತು ರಾಮಸ್ವಾಮಿ ನಾಯುಡು 1920ರ ದಶಕದಲ್ಲಿ ಮೀನಿನ ಜೀವನಕ್ರಮವನ್ನು ಅಧ್ಯಯನ ಮಾಡಿದರು. 1940ರ ದಶಕದಲ್ಲಿ ಬೂತಾಯಿ ಬರಿದಾದಾಗ ಮದ್ರಾಸ್ ಸರ್ಕಾರ ಮರಿಗಳನ್ನೂ ಮೊಟ್ಟೆಮೀನನ್ನೂ ಹಿಡಿಯದಂತೆ ಕೆಲವು ನಿರ್ಬಂಧ ಹೇರಿತು. ಅವು ಹೆಚ್ಚು ಕಾಲ ಬಾಳಲಿಲ್ಲ. ಆಗಿನ ಏರಿಳಿತಗಳಲ್ಲಿ ಎಂಜಿನ್ ಬೋಟುಗಳ ಪಾತ್ರವಿರಲಿಲ್ಲ ಎಂಬುದನ್ನು ನೆನಪಿಡಬೇಕು.

ಕರ್ನಾಟಕದ ತೀರದಲ್ಲಿ ಆಗ ಬೂತಾಯಿ, ಬಂಗುಡೆಗಳನ್ನು ಹಿಡಿಯುತ್ತಿದ್ದುದು ರಂಪಣಿ. ಇದು ಒಂದು ಕಿಲೋಮೀಟರಿಗೂ ಮಿಕ್ಕಿದ ಬಲೆ. ಬಲೆಯ ತುಂಡುಗಳು ಬೇರೆಬೇರೆ ಮನೆಗಳವು. ಎಲ್ಲವನ್ನೂ ಜೋಡಿಸಿದರೆ ಒಂದು ರಂಪಣಿ. ಹಿಂಡು ತೀರದ ಹತ್ತಿರ ಕಂಡರೆ ದೋಣಿ ಅದನ್ನು ಬಳಸಿಕೊಂಡು ಬಲೆ ಬಿಡುತ್ತ ಬರುತ್ತಿತ್ತು. ಎರಡು ತುದಿಗಳನ್ನು ಹತ್ತಾರು ಜನ ಮರಳಿನ ಮೇಲೆ ನಿಂತು ಎಳೆಯುತ್ತಿದ್ದರು. ಬಂದ ಮೀನು ಬಲೆಯ ತುಂಡಿಗೆ, ದೋಣಿಗೆ, ದುಡಿದ ಕೈಗೆ ಎಂದು ಪಾಲಾಗುತ್ತಿತ್ತು. ರಂಪಣಿಯವರು ಮರಿಮೀನು ಕಂಡರೆ ಬಿಟ್ಟುಬಿಡುತ್ತಿದ್ದರು ಎಂದೇನಲ್ಲ. ಈಗ ಅದನ್ನು ನೆನೆಯುವವರು ಕೆಲವೊಮ್ಮೆ ಹಾಗೆ ಹೇಳುವುದುಂಟು. ಅದರ ಮಿತಿ ಬೇರೆಯಿತ್ತು: ಮೀನು ತಾನಾಗಿ ದಡದತ್ತ ಬರದಿದ್ದರೆ ರಂಪಣಿಗೆ ಕೆಲಸವಿಲ್ಲ. ಕಡಲಲ್ಲೇ ಉಳಿದ ಹಿಂಡು ಬದುಕಿಕೊಳ್ಳುತ್ತಿತ್ತು.

1970ರ ದಶಕದ ನಡುವಿನಲ್ಲಿ ಬಂದ ಪರ್ಸೀನ್ ಬಲೆ ಆ ಮಿತಿಯನ್ನು ತೆಗೆದುಹಾಕಿತು. ಹಗಲು ನೀರಿನ ಬಣ್ಣ ಕಪ್ಪಾಗುವುದನ್ನೋ ರಾತ್ರಿ ಅಲೆಗಳಡಿಯ ಹೊಳಪನ್ನೋ ನೋಡಿ ಬೋಟಿನ ಮುಖ್ಯಸ್ಥನಾದ ತಂಡೇಲ ಹಿಂಡಿನ ಜಾಗ ಹೇಳುತ್ತಾನೆ. ಸಣ್ಣ ದೋಣಿಯೊಂದು ಬಲೆಯ ತುದಿ ಹಿಡಿದು ನಿಲ್ಲುತ್ತದೆ. ಬೋಟು ಹಿಂಡಿನ ಸುತ್ತ ಒಂದು ಸುತ್ತು ಹೊಡೆಯುತ್ತ ಬಲೆ ಬಿಡುತ್ತದೆ. ಬಲೆಯ ಅಡಿಯಂಚಿನ ಬಳೆಗಳೊಳಗಿಂದ ಹಾದುಹೋದ ಹಗ್ಗವನ್ನು ಯಂತ್ರದಿಂದ ಎಳೆದರೆ ತಳ ಮುಚ್ಚಿಕೊಳ್ಳುತ್ತದೆ. ಕೆಳಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲದೆ ಇಡೀ ಹಿಂಡೇ ಬೋಟಿಗೆ. ಈಗ ಕಣ್ಣಿನ ಜೊತೆಗೆ ಸೋನಾರ್, ಜಿಪಿಎಸ್‌ಗಳೂ ಸೇರಿವೆ. ಹಿಂಡು ದಡ ಮುಟ್ಟುವ ಮೊದಲೇ ಮಧ್ಯದಲ್ಲಿ ಬಲೆಗೆ ಬೀಳತೊಡಗಿದಾಗ ರಂಪಣಿಯವರು ಪ್ರತಿಭಟಿಸಿದರು, ಘರ್ಷಣೆಗಳೂ ಆದವು. ಕೆಲವೇ ವರ್ಷಗಳಲ್ಲಿ ರಂಪಣಿ ನಿಂತುಹೋಯಿತು; ಕೈರಂಪಣಿ ಎಂಬ ಸಣ್ಣ ರೂಪ ಅಲ್ಲಲ್ಲಿ ಉಳಿದಿದೆ. ಕರ್ನಾಟಕದ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಬಂದದ್ದು 1986ರಲ್ಲಿ, ಈ ಬದಲಾವಣೆ ಮುಗಿದ ಮೇಲೆ. ಕೇರಳದಲ್ಲಿ ರಿಂಗ್ ಸೀನ್ ಎಂಬ ಅದೇ ಜಾತಿಯ ಬಲೆ ನಾಡದೋಣಿಯವರ ಕೈಯಲ್ಲೇ ಬೆಳೆದು ಕಿಲೋಮೀಟರಿನ ಉದ್ದಕ್ಕೆ ಹೋಯಿತು. ‘ಸಾಂಪ್ರದಾಯಿಕ’ ಎಂಬ ಮಾತು ಅಲ್ಲಿಗೆ ಅರ್ಥ ಕಳೆದುಕೊಂಡಿತು ಎನ್ನಬೇಕು.

2012ರಲ್ಲಿ ದೇಶದಾದ್ಯಂತ ದಕ್ಕೆಗಳಿಗೆ ಬಂದ ಬೂತಾಯಿ 7 ಲಕ್ಷ ಟನ್ ದಾಟಿತ್ತು. ಕೇರಳದ್ದೇ ಸುಮಾರು 3.9 ಲಕ್ಷ ಟನ್. ಆಮೇಲೆ ಇಳಿತ. 2015ರ ಹೊತ್ತಿನ ಎಲ್ ನಿನೊದಿಂದ ನೀರು ಬಿಸಿಯಾದದ್ದು ಒಂದು ಕಾರಣ. ಸುಗ್ಗಿಯ ವರ್ಷಗಳಲ್ಲಿ ಮೊಟ್ಟೆಮೀನನ್ನೂ ಮರಿಯನ್ನೂ ಬಾಚಿದ್ದು ಇನ್ನೊಂದು. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಕೇರಳಕ್ಕೆ ಸಿಕ್ಕಿದ್ದು 3,297 ಟನ್ ಮಾತ್ರ. 2023ರಲ್ಲಿ ಅದೇ ಕೇರಳದಲ್ಲಿ ಮತ್ತೆ 1.38 ಲಕ್ಷ ಟನ್ ಬಂತು. ಹೀಗೆ ಬೇಗ ಚೇತರಿಸಿಕೊಳ್ಳುವುದೇ ಈ ಮೀನಿನ ಗುಣ. ಕೆನಡಾದ ನ್ಯೂಫೌಂಡ್‌ಲೆಂಡಿನಲ್ಲಿ ದೀರ್ಘಾಯುಷಿ ಕಾಡ್ ಮೀನು ಬರಿದಾಗಿ 1992ರಲ್ಲಿ ನಿಂತ ವಾಣಿಜ್ಯ ಮೀನುಗಾರಿಕೆ ಪುನಃ ಅಧಿಕೃತವಾಗಿ ತೆರೆದದ್ದು 2024ರಲ್ಲಿ. ಆದರೆ ಬೂತಾಯಿಯ ಚೇತರಿಕೆಯನ್ನು ನೋಡಿ ನಿರಾಳರಾಗುವುದು ತಪ್ಪು. ಮೀನು ಕಡಿಮೆಯಾದ ವರ್ಷ ಬೋಟುಗಳು ಕಡಿಮೆಯಾಗುವುದಿಲ್ಲ. ಡೀಸೆಲ್, ಐಸ್, ಬ್ಯಾಂಕಿನ ಕಂತು ನಿಲ್ಲುವುದಿಲ್ಲವಾದ್ದರಿಂದ ಉಳಿದಷ್ಟು ಮೀನಿನ ಮೇಲೆ ಅದೇ ಬಲೆಗಳು ಬೀಳುತ್ತವೆ. ‘ಮತ್ಸ್ಯಕ್ಷಾಮ’ ಎಂದು ಪತ್ರಿಕೆಗಳು ಬರೆಯುವ ಸ್ಥಿತಿ ಆಳವಾಗುವುದು ಆಗಲೇ.

ಮರಿಮೀನಿಗೆ ಗಿರಾಕಿ ಇರುವುದು ಇದಕ್ಕೆ ಪೂರಕ. ಕರ್ನಾಟಕದ ಕರಾವಳಿಯಲ್ಲಿ ಮೀನು ಹುಡಿ ಮತ್ತು ಮೀನೆಣ್ಣೆಯ ಕಾರ್ಖಾನೆಗಳು ಹಲವಿವೆ. ಸಿಗಡಿ ಸಾಕಣೆ, ಕೋಳಿ ಸಾಕಣೆಗಳ ಆಹಾರಕ್ಕೆ ಇದು ಬೇಕು. ತಿನ್ನುವವರು ಬೇಡವೆನ್ನುವ ಬೆರಳುದ್ದದ ಮೀನಿಗೂ ಅಲ್ಲಿ ಬೆಲೆಯಿದೆ. ಹಾಗಾಗಿ ಅದನ್ನು ಕಡಲಲ್ಲೇ ಬಿಟ್ಟು ಬರುವುದರಲ್ಲಿ ಮೀನುಗಾರನಿಗೆ ಲಾಭವಿಲ್ಲ.

ಪಶ್ಚಿಮ ಕರಾವಳಿಯಲ್ಲಿ ಈಗ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ರಜೆ; ಕೇರಳದ ಟ್ರಾಲಿಂಗ್ ನಿಷೇಧದ ದಿನಗಳು ಮಾತ್ರ ತುಸು ಬೇರೆ. ಮೊಟ್ಟೆಯಿಡುವ ಮೀನಿಗೆ ಈ ರಜೆ ನೆರವಾಗುತ್ತದೆ. ಆದರೆ ಆ ಮೊಟ್ಟೆಗಳಿಂದ ಬಂದ ಮರಿಗಳು ತೀರದ ನೀರಿನಲ್ಲಿ ತುಂಬಿಕೊಳ್ಳುವುದು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ, ಅಂದರೆ ಬೋಟುಗಳು ಪೂಜೆ ಮುಗಿಸಿ ಕಡಲಿಗಿಳಿದ ಮೇಲೆ. 2017ರಲ್ಲಿ ಕೇಂದ್ರ ಸರ್ಕಾರ ಎಲ್‌ಇಡಿ ಬೆಳಕಿನಲ್ಲಿ ಮೀನು ಸೆಳೆಯುವುದನ್ನೂ ಎರಡು ಬೋಟುಗಳು ಜೊತೆಯಾಗಿ ಎಳೆಯುವ ಬುಲ್ ಟ್ರಾಲಿಂಗನ್ನೂ ನಿಷೇಧಿಸಿತು. ನಿಷೇಧ ಮುರಿಯುವವರ ಬಗ್ಗೆ ದೂರುಗಳು ನಿಂತಿಲ್ಲ. ಕೇರಳ 2015ರಿಂದ ಕನಿಷ್ಠ ಅಳತೆಯ ನಿಯಮ ತಂದಿದೆ: ಬೂತಾಯಿಗೆ 10 ಸೆಂ.ಮೀ. ಆ ಅಳತೆಯ ಮೀನು ಇನ್ನೂ ಒಮ್ಮೆಯೂ ಮೊಟ್ಟೆಯಿಟ್ಟಿರುವುದಿಲ್ಲ. ನಿಯಮ ಮರಿಗಳ ಲೂಟಿಯನ್ನು ತಗ್ಗಿಸುತ್ತದೆಯೇ ಹೊರತು ಮುಂದಿನ ತಲೆಮಾರಿಗೆ ಖಾತರಿ ಕೊಡುವುದಿಲ್ಲ.

ಈ ನಿಯಮಗಳು ಹೇಳುವುದು ಯಾವಾಗ, ಯಾವ ಬಲೆಯಲ್ಲಿ, ಎಷ್ಟು ಉದ್ದದ್ದು ಎಂದಷ್ಟೇ. ಒಟ್ಟು ಎಷ್ಟು ಎಂದು ಯಾವುದೂ ಹೇಳುವುದಿಲ್ಲ. ಬೂತಾಯಿಯಂತೆಯೇ ಅಲ್ಪಾಯುಷಿಯಾದ ಆಂಚೋವೆಟಾವನ್ನು ಹಿಡಿಯುವ ಪೆರು ದೇಶ 1970ರ ದಶಕದ ಮೊದಲಲ್ಲಿ ಭಾರಿ ಕುಸಿತ ಕಂಡು ಪಾಠ ಕಲಿತಿದೆ. ಅಲ್ಲಿ ಪ್ರತಿ ಹಂಗಾಮಿಗೆ ಮೊದಲು ಸಂಶೋಧನಾ ಹಡಗುಗಳು ಕಡಲಿನ ಮೀನನ್ನು ಅಂದಾಜು ಮಾಡುತ್ತವೆ; ಅದರ ಮೇಲೆ ಒಟ್ಟು ಮಿತಿ, ಆಮೇಲೆ ಹಡಗಿಗೊಂದು ಪಾಲು. ಮರಿಗಳೇ ತುಂಬಿವೆ ಎಂದು ಕಂಡಾಗ 2023ರ ಮೊದಲ ಹಂಗಾಮನ್ನೇ ರದ್ದುಮಾಡಿದರು. ಭಾರತದಲ್ಲಿ ಸಾವಿರಾರು ಸಣ್ಣ ದೋಣಿಗಳು ನೂರಾರು ಕಡೆ ಮೀನು ಇಳಿಸುವುದರಿಂದ ಬೋಟಿಗೊಂದು ಪಾಲು ಎಂಬ ಕ್ರಮವನ್ನು ಹಾಗೆಯೇ ತರುವುದು ಆಗದ ಮಾತು. ಅಂದಾಜನ್ನು ನೋಡಿ ರಜೆಯನ್ನು ಹಿಗ್ಗಿಸುವುದು ಅಷ್ಟು ಕಷ್ಟವಲ್ಲ.

ಆಡಳಿತದ ಗಡಿಗಳದ್ದು ಇನ್ನೊಂದು ತೊಡಕು. ದಡದಿಂದ 12 ನಾಟಿಕಲ್ ಮೈಲಿಯವರೆಗೆ ಮೀನುಗಾರಿಕೆ ರಾಜ್ಯದ ಅಧಿಕಾರ; ಅದರಾಚೆ, 200 ಮೈಲಿಯವರೆಗೆ ಕೇಂದ್ರದ್ದು. ಕೇರಳ, ಕರ್ನಾಟಕ, ಗೋವಾಗಳ ತೀರದಲ್ಲಿ ಬೂತಾಯಿಯ ಹಿಂಡುಗಳು ಈ ಗೆರೆಗಳನ್ನು ದಾಟಿ ಓಡಾಡುತ್ತವೆ, ಬೋಟುಗಳೂ ಹಾಗೆಯೇ. ಒಂದು ರಾಜ್ಯದಲ್ಲಿ ದಂಡ ಬೀಳುವ ಮರಿಮೀನನ್ನು ನಿಯಮ ಸಡಿಲವಿರುವ ಪಕ್ಕದ ರಾಜ್ಯದ ದಕ್ಕೆಯಲ್ಲಿ ಇಳಿಸಿದರೆ ತಡೆಯುವವರಿಲ್ಲ.