ಎರಡನೆಯ ಸುರುಳಿಯ ಸಾಕ್ಷ್ಯ



ಹಳೆಯ ಸಂಗೀತವನ್ನು ಗ್ರಾಮಫೋನ್ ತಟ್ಟೆಗಳಲ್ಲಿ ಮತ್ತೆ ಹೊರತರಲು ಒಳ್ಳೆಯ ಯಂತ್ರ, ಒಳ್ಳೆಯ ಕಿವಿ ಇದ್ದರೆ ಸಾಕೆಂದು ನೀವು ಭಾವಿಸಬಹುದು. ಆ ಕೆಲಸಕ್ಕೆ ಇತಿಹಾಸಕಾರನ ಎಚ್ಚರವೂ ಬೇಕು. ಒಂದು ನಿದರ್ಶನವನ್ನು ನೋಡೋಣ.

1959ರ ಮಾರ್ಚ್ 2ರಂದು ನ್ಯೂಯಾರ್ಕಿನ ಕೊಲಂಬಿಯಾ ಸ್ಟುಡಿಯೋದಲ್ಲಿ ಜಾಜ್ ಸಂಗೀತದ ಪ್ರಸಿದ್ಧ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ತಮ್ಮ ಸಂಗಡಿಗರೊಡನೆ ಮೂರು ರಚನೆಗಳನ್ನು ನುಡಿಸಿದರು. ಎರಡು ಟೇಪ್ ಯಂತ್ರಗಳು ಏಕಕಾಲಕ್ಕೆ ಓಡುತ್ತಿದ್ದವು: ಒಂದು ಮುಖ್ಯ ಪ್ರತಿಗೆ, ಇನ್ನೊಂದು ಮುನ್ನೆಚ್ಚರಿಕೆಗೆ. ಅಂದು ಮುಖ್ಯ ಯಂತ್ರ ತುಸು ನಿಧಾನವಾಗಿ ಓಡಿತ್ತು. ಹಾಗೆ ಮುದ್ರಿಸಿದ ಸುರುಳಿಯನ್ನು ಸರಿಯಾದ ವೇಗದಲ್ಲಿ ಕೇಳಿಸಿದರೆ ಏನಾಗುತ್ತದೆ? ಲಯ ಚುರುಕಾಗುತ್ತದೆ, ಶ್ರುತಿ ಮೇಲೇರುತ್ತದೆ. ಅದೇ ಸುರುಳಿಯಿಂದ 'ಕೈಂಡ್ ಆಫ್ ಬ್ಲೂ' ತಟ್ಟೆಯ ಮೊದಲ ಬದಿ ಸಿದ್ಧವಾಯಿತು. ಮೂರು ದಶಕಗಳ ಕಾಲ ಕೇಳುಗರು ಏರಿದ ಶ್ರುತಿಯನ್ನೇ ನಿಜವೆಂದು ನಂಬಿದರು. ತಟ್ಟೆಯೊಡನೆ ಪಿಯಾನೋ ನುಡಿಸಿ ಕಲಿಯಲು ಹೊರಟವರಿಗೆ ಮಾತ್ರ ಶ್ರುತಿ ಕೂಡುತ್ತಿರಲಿಲ್ಲ.

1992ರಲ್ಲಿ ಮರುಸಂಸ್ಕರಣದ ವೇಳೆ ಈ ದೋಷ ಖಚಿತವಾಯಿತು. ಮುನ್ನೆಚ್ಚರಿಕೆಯ ಸುರುಳಿಯ ವೇಗ ಸರಿಯಾಗಿತ್ತು. ಅದರ ಆಧಾರದಿಂದಲೇ ಮೊದಲ ಬದಿಯನ್ನು ತಿದ್ದಲಾಯಿತು. ಆಮೇಲೆ ಬಂದ ಹಲವು ವಿನೈಲ್ ಮರುಮುದ್ರಣಗಳೂ ತಿದ್ದಿದ ಶ್ರುತಿಯನ್ನೇ ಅನುಸರಿಸಿದವು.

ಓಲೆಗರಿಯ ಕಾವ್ಯವನ್ನು ಸಂಪಾದಿಸುವವರು ಹಲವು ಪ್ರತಿಗಳನ್ನು ಹೋಲಿಸಿ ಪಾಠವನ್ನು ನಿರ್ಣಯಿಸುತ್ತಾರಲ್ಲವೇ? ಇಲ್ಲಿಯೂ ಅದೇ ಕ್ರಮ. ಮೊದಲ ಮುದ್ರಣ ಹಳೆಯದೆಂಬ ಕಾರಣಕ್ಕೇ ಅದು ಸತ್ಯವಾಗುವುದಿಲ್ಲ. ಹೊಸದು ನುಣುಪಾಗಿದೆಯೆಂದು ಮೇಲಾಗುವುದೂ ಇಲ್ಲ. ಅಂದು ಎರಡನೆಯ ಸುರುಳಿಯನ್ನು ಅಳಿಸಿ ಬೇರೆ ಕೆಲಸಕ್ಕೆ ಬಳಸಿದ್ದರೆ, ಹೋಲಿಸಿ ನೋಡಲು ಸಾಕ್ಷಿಯೇ ಉಳಿಯುತ್ತಿರಲಿಲ್ಲ. ಹಳೆಯ ಸುರುಳಿಯೊಂದನ್ನು ಬೇಡವೆಂದು ಎಸೆಯುವ ಮುನ್ನ ಈ ಮಾತನ್ನು ನೆನೆಯಿರಿ.